ಗುಳಿಗೆ ನಿಲ್ಲಿಸಿದರೂ ಇಳಿದ ಸಕ್ಕರೆ

ಮೂರು ವರ್ಷದ ಹಿಂದಿನ ಮಾತು. ನಾನಾಗ ಕೊಪ್ಪಳದ ಒಂದು ಖಾಸಗಿ ಆಸ್ಪತ್ರೆಯಲ್ಲಿ ಫಿಜಿಷಿಯನ್. ಅಳವಂಡಿಯ ನೀಲಮ್ಮನವರನ್ನು ಮಗ ಬಸವರಾಜ, ಸೊಸೆ ರೇಣುಕಾ ಇಬ್ಬರೂ ಸೇರಿ ಎಚ್ಚರ ತಪ್ಪಿದ ಸ್ಥಿತಿಯಲ್ಲಿ ಕರೆತಂದರು. ಹನ್ನೆರಡು ವರ್ಷದಿಂದ ಶುಗರ್ ಇದ್ದವರು, ಆದರೆ ರಕ್ತದಲ್ಲಿ ಗ್ಲೂಕೋಸ್ ಬರೀ 34. ಎಪ್ಪತ್ತಕ್ಕಿಂತ ಕೆಳಗಿಳಿದರೇ ನಾವು ಗಾಬರಿಯಾಗುತ್ತೇವೆ. ಗ್ಲೂಕೋಸ್ ಏರಿಸಿದ ಮೇಲೆ ಎದ್ದು ಕೂತು ಚಹಾ ಕೇಳಿದರು.

ಶುಗರ್ ರೋಗಿಗೆ ಹೀಗಾದರೆ ಗುಳಿಗೆ ಹೆಚ್ಚಾಗಿದೆ ಎಂದೇ ನಮ್ಮ ಲೆಕ್ಕ. ಎಲ್ಲ ಗುಳಿಗೆ ನಿಲ್ಲಿಸಿ ಕಳಿಸಿದೆ. ಎಂಟು ದಿನಕ್ಕೆ ಮತ್ತೆ ಬಂದರು, 31. ನನಗೆ ಸಿಟ್ಟು ನೆತ್ತಿಗೇರಿತು. ಓದಲು ಬಾರದ ಅತ್ತೆಗೆ ಗುಳಿಗೆ ಬಿಡಿಸಿ ಕೊಡುತ್ತಿದ್ದವಳು ರೇಣುಕಾ ಎಂದು ಗೊತ್ತಿದ್ದೂ, ನೆಂಟರೆಲ್ಲ ನೆರೆದಿದ್ದ ವಾರ್ಡಿನಲ್ಲೇ ಅಂದುಬಿಟ್ಟೆ:

"ಯಾರೋ ಇನ್ನೂ ಗುಳಿಗಿ ಕೊಡಾಕತ್ತಾರ."

ಹೆಸರು ಹೇಳಲಿಲ್ಲ. ಎಲ್ಲರೂ ಅವಳ ಮುಖ ನೋಡಿದರು.

ಈ ಸಲ ನೀಲಮ್ಮನವರನ್ನು ನಮ್ಮಲ್ಲೇ ಇಟ್ಟುಕೊಂಡೆ. ಊಟ ಆಸ್ಪತ್ರೆಯದು, ಪಕ್ಕದಲ್ಲಿ ಸದಾ ನರ್ಸ್. ಮೂರನೆಯ ಬೆಳಿಗ್ಗೆ ತಿಂಡಿಗೆ ಮುಂಚೆ 29. ಒಂದು ಗುಳಿಗೆಯೂ ಒಳಗೆ ಹೋಗಿರಲಿಲ್ಲ. ಆಗಲೇ ತೆಗೆದ ರಕ್ತದ ವರದಿ ಬಂತು: ಇನ್ಸುಲಿನ್ ವಿಪರೀತ. ಮೈಯೇ ಇನ್ಸುಲಿನ್ ತಯಾರಿಸುವಾಗ ಜೊತೆಗೆ ಹೊರಬೀಳುವ ಸಿ-ಪೆಪ್ಟೈಡ್ ಕೂಡ ಹೆಚ್ಚು. ಗುಳಿಗೆಯ ಅಂಶವೇ ಇಲ್ಲ. ಸ್ಕ್ಯಾನ್ ಮಾಡಿದಾಗ ಮೇದೋಜ್ಜೀರಕ ಗ್ರಂಥಿಯಲ್ಲಿ ಶೇಂಗಾ ಬೀಜದಷ್ಟು ಗಡ್ಡೆ ಕಂಡಿತು. ಅದು ಇನ್ಸುಲಿನೋಮಾ, ಬೇಕೋ ಬೇಡವೋ ಇನ್ಸುಲಿನ್ ಸುರಿಸುತ್ತಲೇ ಇರುವ ಗಡ್ಡೆ. ಶುಗರ್ ಇದ್ದವರಲ್ಲಿ ಬಲು ಅಪರೂಪ. ಪುಸ್ತಕದಲ್ಲಿ ಓದಿದ್ದೆನೇ ಹೊರತು ಕಣ್ಣಾರೆ ಕಂಡಿರಲಿಲ್ಲ.

ಬಸವರಾಜನಿಗೆ ವಿವರಿಸಿದೆ. ಅವನ ಮುಖ ಬಿಳಿಚಿಕೊಂಡಿತು. "ಆಕೀನ್ನ ಅವತ್ತ ತವರಿಗೆ ಕಳಿಸೇವ್ರಿ" ಎಂದ. ಅತ್ತೆಯನ್ನು ಕೊಲ್ಲಲು ನೋಡಿದವಳು ಎಂಬ ಮಾತು ಹೊತ್ತು ರೇಣುಕಾ ಯಲಬುರ್ಗಾ ಕಡೆಯ ಮಂಗಳೂರು ಎಂಬ ಹಳ್ಳಿಯಲ್ಲಿ, ತವರಿನಲ್ಲಿದ್ದಳು. ಸಂಬಂಧ ಬಿಡಿಸುವ ಮಾತುಕತೆಗೆ ಹಿರಿಯರೂ ಕೂತಿದ್ದರಂತೆ. ನನ್ನ ಒಂದು ಮಾತು ಅಷ್ಟು ದೂರ ಹೋಗಿತ್ತು. ನನಗೆ ನನ್ನ ಮೇಲೇ ಹೇಸಿಗೆಯಾಯಿತು.

ಹುಬ್ಬಳ್ಳಿಯಲ್ಲಿ ಆಪರೇಷನ್ ಆಗಿ ನೀಲಮ್ಮನವರು ಉಳಿದರು. ಹಳೆಯ ಶುಗರ್ ಮಾತ್ರ ಮರಳಿತು. ನಾನು ಆ ಹಳ್ಳಿಗೆ ಹೋಗಿ ರೇಣುಕಾಳ ಎದುರು ತಪ್ಪು ಒಪ್ಪಿಕೊಂಡೆ. ಆಕೆ ಅಳಲಿಲ್ಲ, ಬೈಯಲೂ ಇಲ್ಲ.

"ಅವತ್ತು ಎಲ್ಲಾರ ಮುಂದ ಅಂದ್ರಿ. ಇದನ್ನ ನನಗೊಬ್ಬಾಕಿಗೆ ಹೇಳಿದ್ರ ಏನ್ ಬಂತ್ರಿ, ಡಾಕ್ಟರ?"

ಮುಂದಿನ ಭಾನುವಾರ ಅಳವಂಡಿಯ ಅವರ ಪಡಸಾಲೆಯಲ್ಲಿ ಅದೇ ನೆಂಟರನ್ನು ಕೂಡಿಸಿ, ತಪ್ಪು ನನ್ನದೇ ಎಂದು ನಿಂತುಕೊಂಡೇ ಹೇಳಿದೆ. ತವರಿನಿಂದ ಬಂದಿದ್ದ ರೇಣುಕಾ ಹೊಸ್ತಿಲಾಚೆ ನಿಂತು ಕೊನೆಯ ಮಾತಿನ ತನಕ ಕೇಳಿದಳು, ಆಮೇಲೆ ಒಳಗೆ ಬಂದಳು.

ಕಾರಣ ತಿಳಿಯದಿದ್ದಾಗ 'ನನಗೆ ಇನ್ನೂ ಗೊತ್ತಾಗಿಲ್ಲ' ಎನ್ನಬೇಕು. ಇಷ್ಟನ್ನು ಕಲಿಯಲು ನನಗೆ ಇಪ್ಪತ್ತಾರು ವರ್ಷದ ಪ್ರಾಕ್ಟೀಸು ಸಾಲದೆ, ಒಬ್ಬ ಹೆಣ್ಣುಮಗಳ ಮಾನ ಬೇಕಾಯಿತು.