ಕ್ಯಾಲೆಂಡರ್ ನೋಡಿ ಬಂದದ್ದು

ಹಿಲ್ಡಕ್ಕ ಅಂಗಡಿಗಳನ್ನು ಹೆಸರು ಹಿಡಿದು ಕರೆದದ್ದನ್ನು ನಾನು ಕೇಳಿಲ್ಲ. ತಿಂಗಳು ಹಿಡಿದು ಕರೆಯುತ್ತಿದ್ದರು. ಮೊದಲ ಸಲ ಅವರ ಕಾರು ಹತ್ತಿದ ದಿನ ನನ್ನ ಚಪ್ಪಲಿಯ ಉಂಗುಷ್ಟ ಕಿತ್ತುಹೋಗಿತ್ತು. ಹೇಳಿಕೊಂಡೆ. ಅವರು ರಸ್ತೆಯಿಂದ ಕಣ್ಣು ತೆಗೆಯದೆ, "ಎಂತ ತಲೆಬಿಸಿ ಇಲ್ಲ ಮಾರಾಯ್ತಿ, ಫೆಬ್ರವರಿಯಲ್ಲಿ ಸರಿ ಮಾಡಿ ಕೊಡ್ತಾರೆ" ಎಂದರು. ಆಗ ನಡೆಯುತ್ತಿದ್ದದ್ದು ಅಕ್ಟೋಬರ್. ನಾಲ್ಕು ತಿಂಗಳು ಬರಿಗಾಲೇ ಗತಿ ಎಂದುಕೊಂಡೆ. ಐದು ನಿಮಿಷದಲ್ಲಿ ಕಾರು ಥುಕ್ಬಾದ ಓಣಿಯೊಂದರಲ್ಲಿ ಚಪ್ಪಲಿ ರಿಪೇರಿ ಅಂಗಡಿಯ ಮುಂದೆ ನಿಂತಿತು. "ಇದೇ ಫೆಬ್ರವರಿ, ಇಳಿ" ಎಂದರು.

ವಿಷಯ ಇಷ್ಟೇ. ನಮ್ಮದೊಂದು ತಾರಸಿ ತೋಟದ ಬಳಗವಿತ್ತು, ಈಗಲೂ ಇದೆ. ಗಲ್ಫಿನ ಈ ಥುಕ್ಬಾ, ಖೋಬರ್, ದಮ್ಮಾಮ್ ಕಡೆಯ ನಲವತ್ತು ಕನ್ನಡದ ಮನೆಯವರು. ಬಾಲ್ಕನಿಯಲ್ಲಿ, ತಾರಸಿಯಲ್ಲಿ, ಎಣ್ಣೆ ಡಬ್ಬಗಳಲ್ಲಿ ಬಸಳೆ, ಹರಿವೆ, ತೊಂಡೆ, ಮಲ್ಲಿಗೆ ಬೆಳೆಯುವ ಹುಚ್ಚಿನವರು. ವರ್ಷಕ್ಕೊಮ್ಮೆ ಒಂದು ಕ್ಯಾಲೆಂಡರ್ ಮಾಡುತ್ತಿದ್ದೆವು. ಮೇಲೆ ಯಾರದಾದರೂ ಗಿಡದ ಫೋಟೋ, ನಡುವೆ ತಾರೀಖುಗಳು, ಕೆಳಗೆ ಒಂದು ಅಂಗಡಿಯ ಜಾಹೀರಾತು. ಹನ್ನೆರಡು ತಿಂಗಳು, ಹನ್ನೆರಡು ಅಂಗಡಿ. ಅದರ ಖರ್ಚು, ವರ್ಷದ ಗಿಡಗಳ ಪ್ರದರ್ಶನದ ಖರ್ಚು ಎಲ್ಲ ಆ ಜಾಹೀರಾತಿನಿಂದಲೇ ನಡೆಯುತ್ತಿತ್ತು. ಇದಕ್ಕೆಲ್ಲ ಒಡತಿ ಹಿಲ್ಡಕ್ಕ.

ಶಿರ್ವದವರು. ಇಲ್ಲಿನ ಆಸ್ಪತ್ರೆಯೊಂದರಲ್ಲಿ ಬಹಳ ವರ್ಷ ನರ್ಸ್ ಆಗಿದ್ದವರು. ಕುಳ್ಳಗೆ, ಗಟ್ಟಿಮುಟ್ಟಾಗಿ ಇದ್ದರು. ನಡೆದರೆ ವಾರ್ಡಿನಲ್ಲಿ ಗಂಟೆ ಬಾರಿಸಿದ್ದಾರೋ ಎನ್ನುವಷ್ಟು ಅವಸರ. ಹೆಂಗಸರಿಗೆ ಇಲ್ಲಿ ಕಾರಿನ ಲೈಸೆನ್ಸ್ ಕೊಡಲು ಶುರುವಾದಾಗ ಅವರಿಗೆ ಐವತ್ತು ದಾಟಿತ್ತು. ಈ ವಯಸ್ಸಿನಲ್ಲಿ ಯಾಕೆ ಎಂದವರಿಗೆ, "ಇಷ್ಟು ವರ್ಷ ಹಿಂದಿನ ಸೀಟಿನಲ್ಲಿ ಕೂತು ಬೆನ್ನು ನೋವು ಬಂತು" ಎಂದು ಹೇಳಿ ಕಲಿತೇ ಕಲಿತರು. ಒಂದು ಪುಟ್ಟ ಬಿಳಿ ಕಾರು ಕೊಂಡರು. ಮುಂದಿನ ಸೀಟಿನ ಬೆನ್ನಿಗೆ ನಮ್ಮ ಕ್ಯಾಲೆಂಡರನ್ನು ನೇತುಹಾಕಿದರು. ಹಿಂದೆ ಕೂತವರು ಬೇಕೋ ಬೇಡವೋ ಅದನ್ನು ನೋಡಲೇಬೇಕು. ಯಾರ ಬ್ಲೌಸ್ ಬಿಗಿಯಾದರೂ ಜುಲೈ. ಯಾರ ಗಂಡನ ಕನ್ನಡಕ ಒಡೆದರೂ ಆಗಸ್ಟ್. ಮಿಕ್ಸಿ ಕೆಟ್ಟರೆ ನವೆಂಬರ್. ನನ್ನ ಗಂಡ, "ನಿಮ್ಮ ಹಿಲ್ಡಕ್ಕನಿಗೆ ಕಮಿಷನ್ ಬರುತ್ತೆ ಅನ್ಸುತ್ತೆ" ಎಂದು ಕಿಚಾಯಿಸುತ್ತಿದ್ದರು. ಆ ಮಾತನ್ನು ಹಿಲ್ಡಕ್ಕನಿಗೇ ಹೇಳಿದೆ, ನನ್ನ ಬುದ್ಧಿ ನೋಡಿ. ಅವರು ಹೊಟ್ಟೆ ಹಿಡಿದು ನಕ್ಕು, "ನಿನ್ನ ಗಂಡನ ಪ್ಯಾಂಟಿನ ಅಂಚು ಬಿಚ್ಚಿಹೋಗಿದೆ, ಮೊದಲು ಜುಲೈಗೆ ಕೊಟ್ಟು ಬರ್ಲಿಕ್ಕೆ ಹೇಳು" ಎಂದರು.

ತಿಂಗಳಿಗೊಮ್ಮೆ ಶುಕ್ರವಾರ ಅವರ ತಾರಸಿಯಲ್ಲಿ ನಮ್ಮ ಸಭೆ. ಕೊನೆಯಲ್ಲಿ ಅವರ ಒಂದು ಉಪದೇಶ ಇದ್ದೇ ಇರುತ್ತಿತ್ತು. ನಮಗೆಲ್ಲ ಬಾಯಿಪಾಠ.

"ಅಂಗಡಿಯವ ಕೊಟ್ಟದ್ದು ದಾನ ಅಲ್ಲ. ಜನ ಕಳಿಸ್ತೇನೆ ಅಂತ ನಾನು ಮಾತು ಕೊಟ್ಟಿದ್ದೇನೆ. ಬೇಡದ್ದನ್ನು ತೆಗೊಳ್ಳಿ ಅಂತ ನಾನು ಹೇಳುದಿಲ್ಲ. ಬೇಕಾದ್ದನ್ನು ಎಲ್ಲಿಂದಾದ್ರೂ ತೆಗೊಳ್ತೀರಲ್ಲ, ಅದನ್ನು ಇವರ ಹತ್ರ ತೆಗೊಳ್ಳಿ. ಮತ್ತೆ ಕ್ಯಾಲೆಂಡರ್ ನೋಡಿ ಬಂದದ್ದು ಅಂತ ಬಾಯಿ ಬಿಟ್ಟು ಹೇಳಿ."

ನಾವು ತಲೆಯಾಡಿಸಿ ಚಾ ಕುಡಿದು ಇಳಿಯುತ್ತಿದ್ದೆವು.

ಅವರ ಈ ಮಾತು ಬರೀ ಬಾಯುಪಚಾರ ಅಲ್ಲ ಎಂದು ನನಗೆ ತಿಳಿದದ್ದು ಶೆಟ್ಟರ ವಿಷಯದಲ್ಲಿ. ಶೆಟ್ಟರು ದಮ್ಮಾಮಿನಲ್ಲಿ ದೊಡ್ಡ ಕುಳ. ಕಟ್ಟಡ ಕಟ್ಟುವವರಿಗೆ ಕಬ್ಬಿಣದ ಅಟ್ಟಣಿಗೆ ಬಾಡಿಗೆ ಕೊಡುವ ಕಂಪನಿ ಅವರದು. ಯಾರದೋ ಮನೆಯಲ್ಲಿ ನಮ್ಮ ಕ್ಯಾಲೆಂಡರ್ ನೋಡಿ ಖುಷಿಯಾಗಿ, ಮುಂದಿನ ವರ್ಷ ಹನ್ನೆರಡು ತಿಂಗಳೂ ನನ್ನದೇ ಇರಲಿ, ಪೂರ್ತಿ ಖರ್ಚು ನನ್ನದು ಎಂದು ಹೇಳಿ ಕಳಿಸಿದರು. ನಾನಂತೂ ಕುಣಿದಾಡಿದೆ. ಹಿಲ್ಡಕ್ಕ ನನ್ನನ್ನೂ ಕರೆದುಕೊಂಡು ಅವರ ಆಫೀಸಿಗೆ ಹೋಗಿ, ಅವರು ತರಿಸಿದ ಖರ್ಜೂರ ತಿಂದು, ಕಡ್ಡಿ ಮುರಿದ ಹಾಗೆ ಹೇಳಿದರು:

"ಶೆಟ್ರೇ, ನಿಮ್ಮ ಹತ್ರ ನಾನು ಯಾರನ್ನು ಕಳಿಸ್ಲಿ? ನಮ್ಮವರಿಗೆ ಬಸಳೆ ಹಬ್ಬಿಸ್ಲಿಕ್ಕೆ ನಾಲ್ಕು ಕೋಲು ಸಾಕು."

ಶೆಟ್ಟರು ಕಕ್ಕಾಬಿಕ್ಕಿಯಾದರು. ಬೇಡ ಎನ್ನುವವರನ್ನು ಅವರು ಅದೇ ಮೊದಲು ನೋಡಿದ್ದಿರಬೇಕು. ಯಾರನ್ನೂ ಕಳಿಸುವುದು ಬೇಡ, ಸುಮ್ಮನೆ ಇಟ್ಟುಕೊಳ್ಳಿ ಎಂದರು. ಹಾಗಾದರೆ ಅದು ದಾನವಾಯಿತು, ದಾನ ಕೊಡಲು ಬೇರೆ ಬಡವರಿದ್ದಾರೆ ಎಂದರು ಹಿಲ್ಡಕ್ಕ. ಅಷ್ಟಕ್ಕೇ ಬಿಡಲಿಲ್ಲ. ನಿಮ್ಮ ಕೆಲಸಗಾರರ ಸಮವಸ್ತ್ರ ಎಲ್ಲಿ ಹೊಲಿಸುತ್ತೀರಿ ಎಂದು ಕೇಳಿ, ಜುಲೈಯ ವಿಳಾಸ ಬರೆದು ಮೇಜಿನ ಮೇಲಿಟ್ಟು ಬಂದರು. ಆ ವರ್ಷ ನಮ್ಮ ದರ್ಜಿ ಇನ್ನೊಂದು ಹೊಲಿಗೆ ಯಂತ್ರ ತಂದ.

ಇಂಥವರ ಮಾತು ಬಿದ್ದುಹೋಗುವ ದಿನವೂ ಬಂತು. ಬೀಳಿಸಿದವರು ನಾವೇ, ಅದರಲ್ಲಿ ಮುಂದೆ ನಿಂತವಳು ನಾನು.

ಮೇ ಅಂದರೆ ಇಸ್ಮಾಯಿಲ್. ಬಂಟ್ವಾಳ ಕಡೆಯ ಬ್ಯಾರಿ. ಥುಕ್ಬಾದ ಹಿಂದಿನ ಓಣಿಯಲ್ಲಿ ಮಡಕೆ, ಮಣ್ಣು, ಬೀಜ, ಹಗ್ಗ, ನೆರಳಿನ ಬಲೆ ಮಾರುವ ಸಣ್ಣ ಅಂಗಡಿ. ಬಿಸಿಲು ಏರುವ ತಿಂಗಳಲ್ಲಿ ಜನಕ್ಕೆ ಬಲೆ ಬೇಕಾಗುತ್ತದೆ ಎಂದು ಮೇ ತಿಂಗಳನ್ನೇ ಆರಿಸಿಕೊಂಡಿದ್ದ. ಅಲ್ ಹಸಾದ ತೋಟಗಳಿಂದ ಆಡಿನ ಗೊಬ್ಬರ ತರಿಸಿ ಸಣ್ಣ ಚೀಲ ಮಾಡಿ ಮಾರುವವನು ಇಡೀ ಊರಿನಲ್ಲಿ ಅವನೊಬ್ಬನೇ. ಬೇರೆ ಕಡೆ ಕೊಂಡರೆ ಲಾರಿಗಟ್ಟಲೆ ಕೊಳ್ಳಬೇಕು. ಬಾಲ್ಕನಿಯಲ್ಲಿ ಲಾರಿಗೆ ಜಾಗ ಎಲ್ಲಿ?

ಜನವರಿಯಲ್ಲಿ ಕ್ಯಾಲೆಂಡರ್ ಕೊಡುವಾಗ ಹಿಲ್ಡಕ್ಕ ಅವನಿಗೆ ಒಂದು ಮಾತು ಹೇಳಿದ್ದರು. ಕ್ಯಾಲೆಂಡರ್ ನೋಡಿ ಬಂದೆವು ಎಂದು ಯಾರು ಹೇಳಿದರೂ ಆ ದಿನದ ಚೌಕದಲ್ಲಿ ಒಂದು ಗೆರೆ ಎಳೆ, ವರ್ಷದ ಕೊನೆಗೆ ನೋಡೋಣ ಎಂದು. ಡಿಸೆಂಬರಿನಲ್ಲಿ ನಾನೂ ಅವರೂ ಮುಂದಿನ ವರ್ಷದ ಜಾಹೀರಾತು ಕೇಳಲು ಹೋದೆವು. ಇಸ್ಮಾಯಿಲ್ ಗಲ್ಲಾಪೆಟ್ಟಿಗೆಯ ಹಿಂದಿನಿಂದ ಕ್ಯಾಲೆಂಡರ್ ತೆಗೆದು ಒಂದೊಂದೇ ಹಾಳೆ ಮಗುಚಿ ತೋರಿಸಿದ. ಬಟ್ಟ ಬಯಲು. ಹನ್ನೆರಡು ತಿಂಗಳಲ್ಲಿ ಒಂದು ಗೆರೆ ಇಲ್ಲ.

"ನಿಮ್ಮ ಮೇಲೆ ನಂಗೆ ಬೇಜಾರಿಲ್ಲ ಸಿಸ್ಟರ್" ಎಂದ. "ಈ ಮೇಡಮಿನ ಹಾಗೆ ದಾರಿಯಲ್ಲಿ ಹೋಗುವವರು ನಾಲ್ಕು ಜನ ಬರ್ತಾರೆ. ಅವರನ್ನು ನಂಬಿ ಅಂಗಡಿ ಇಡ್ಲಿಕ್ಕೆ ಆಗ್ತದಾ? ಬರುವ ತಿಂಗಳಿಂದ ಮಡಕೆ, ಗೊಬ್ಬರ ಎಲ್ಲ ಬಿಟ್ಟು ಮೊಬೈಲ್ ಕವರ್ ಹಾಕುವ ಅಂತ ಉಂಟು."

ಈ ಮೇಡಂ ಅಂದರೆ ನಾನು. ದಾರಿಯಲ್ಲಿ ಹೋಗುವವಳಂತೆ! ವರ್ಷವಿಡೀ ಅವನ ಅಂಗಡಿಗೇ ಹೋಗಿದ್ದೆ, ಕ್ಯಾಲೆಂಡರಿನಲ್ಲಿ ವಿಳಾಸ ನೋಡಿಕೊಂಡೇ ಹೋಗಿದ್ದೆ. ಒಂದು ದಿನವೂ ಹೇಳಿರಲಿಲ್ಲ. ಆಗಲಾದರೂ ಹೇಳಬಹುದಿತ್ತು. ಪಕ್ಕದ ಮಡಕೆಯೊಂದನ್ನು ತಿರುಗಿಸಿ ಬೆಲೆ ನೋಡತೊಡಗಿದೆ. ಹಿಲ್ಡಕ್ಕ ತಿರುಗಿ ನನ್ನ ಮುಖ ನೋಡಿದರು, ಅಷ್ಟೆ.

ಕಾರು ಹತ್ತಿದೆವು. ನಮ್ಮ ಕಟ್ಟಡ ಬಂತು, ನಿಲ್ಲಿಸಲಿಲ್ಲ. ಕಾರ್ನಿಷ್ ರಸ್ತೆಯ ತನಕ ಹೋಗಿ ಸಮುದ್ರದ ಎದುರು ನಿಲ್ಲಿಸಿ, ಯಾಕೆ ಹೇಳಲಿಲ್ಲ ಎಂದು ಕೇಳಿದರು.

"ಹೇಗೆ ಹೇಳೋದು ಹಿಲ್ಡಕ್ಕ? ಡಿಸ್ಕೌಂಟಿಗೆ ಹಲ್ಲು ಗಿಂಜಿದ ಹಾಗಾಗಲ್ವಾ? ನಾಚ್ಕೆ ಆಗುತ್ತೆ."

"ನಾಚಿಕೆ ನಿನ್ನದು, ನಷ್ಟ ಅವನದ್ದು. ಇದು ಯಾವ ನ್ಯಾಯ?"

ಆಮೇಲೆ ಹಿಲ್ಡಕ್ಕ ತಮ್ಮ ಅಪ್ಪನ ಸುದ್ದಿ ತೆಗೆದರು. ಶಿರ್ವದಲ್ಲಿ ಅವರ ಅಪ್ಪನಿಗೆ ಗುಂಡಿ, ನೂಲು ಮಾರುವ ಪುಟ್ಟ ಅಂಗಡಿ ಇತ್ತಂತೆ. ಸಂಜೆ ಮನೆಗೆ ಬಂದು ಎಷ್ಟು ವ್ಯಾಪಾರವಾಯಿತು ಎಂದು ಹೇಳುತ್ತಿರಲಿಲ್ಲವಂತೆ. ಇವತ್ತು ಇಂಥವರು ಬಂದರು, ಇಂಥವರು ಕಳಿಸಿದರೆಂದು ಬಂದರು ಎಂದೇ ಹೇಳುತ್ತಿದ್ದರಂತೆ. ಯಾರೂ ಏನೂ ಹೇಳದೆ ಕೊಂಡು ಹೋದ ದಿನ ಹಣದ ಡಬ್ಬ ತುಂಬಿದ್ದರೂ ಅವರ ಮುಖ ಸಪ್ಪಗಿರುತ್ತಿತ್ತಂತೆ. "ಅಂಗಡಿಯಲ್ಲಿ ಕೂತವನಿಗೆ ನಾಳೆಯೂ ಜನ ಬರ್ತಾರೆ ಅಂತ ಗೊತ್ತಾಗ್ಬೇಕು" ಎಂದರು ಹಿಲ್ಡಕ್ಕ. "ಇಲ್ಲದಿದ್ರೆ ಅವ ನಾಳೆ ಬಾಗಿಲು ತೆಗೆಯುದು ಯಾವ ಧೈರ್ಯದಲ್ಲಿ?"

ಆ ಶುಕ್ರವಾರ ತಾರಸಿಯಲ್ಲಿ ವಿಚಾರಣೆ ನಡೆಯಿತು. ನೋಡಿದರೆ ನಾನೊಬ್ಬಳೇ ಅಲ್ಲ. ಇಪ್ಪತ್ತಕ್ಕೂ ಹೆಚ್ಚು ಮನೆಯವರು ಇಸ್ಮಾಯಿಲನ ಗೊಬ್ಬರವನ್ನೇ ಹಾಕುತ್ತಿದ್ದರು. ಒಬ್ಬರೂ ಹೇಳಿಲ್ಲ. ಒಬ್ಬರು ಅವನಿಗೆ ಗೊತ್ತೇ ಇರುತ್ತದೆ ಎಂದುಕೊಂಡಿದ್ದರು. ಒಬ್ಬರು ಡ್ರೈವರನ್ನು ಕಳಿಸಿದ್ದರು. ಧಾರವಾಡದ ಒಬ್ಬರು, ಉಪಕಾರ ಮಾಡೇನಿ ಅಂತ ಡಂಗುರ ಹೊಡದಂಗ ಆಗತದಲ್ರಿ ಎಂದರು. ಮರ್ಯಾದಸ್ಥರ ಮಕ್ಕಳು ನಾವೆಲ್ಲ! ನಮ್ಮ ಮರ್ಯಾದೆಗೆ ಒಬ್ಬನ ಅಂಗಡಿ ಮುಚ್ಚುವ ಹಾಗಿತ್ತು. ಬಾಯಿದ್ದವನು ಬರಗಾಲದಲ್ಲೂ ಬದುಕಿದ ಎನ್ನುತ್ತಾರೆ. ನಮಗೆಲ್ಲ ಬಾಯಿದ್ದೂ ಪಕ್ಕದವನು ಬರಗಾಲಕ್ಕೆ ಬಿದ್ದಿದ್ದ.

ನೀವೇ ಹೋಗಿ ಇಸ್ಮಾಯಿಲನಿಗೆ ಹೇಳಿಬಿಡಿ ಎಂದು ನಾನು ಸೂಚಿಸಿದೆ. ಹಿಲ್ಡಕ್ಕ ಒಪ್ಪಲಿಲ್ಲ. ತಾನು ಹೇಳಿದರೆ ಅದು ಜಾಹೀರಾತು ಕೇಳುವವಳ ಮಾತಾಗುತ್ತದೆ, ಕೊಂಡವರೇ ಹೋಗಿ ಹೇಳಬೇಕು ಎಂದರು. ಎಲ್ಲರೂ ನನ್ನ ಕಡೆ ತಿರುಗಿದರು.

ಮರುದಿನ ಹೋದೆ. ಮಡಕೆಗಳನ್ನು ತಟ್ಟಿ ನೋಡಿದೆ. ಬೀಜದ ಪೊಟ್ಟಣಗಳನ್ನೆಲ್ಲ ಓದಿದೆ. ಕೊನೆಗೆ ಕಣ್ಣು ಮುಚ್ಚಿ ಬಾವಿಗೆ ಹಾರಿದ ಹಾಗೆ ಹೇಳಿದೆ: "ಇಸ್ಮಾಯಿಲ್ ಭಾಯ್, ನಾನು ಕ್ಯಾಲೆಂಡರ್ ನೋಡಿ ಬಂದದ್ದು. ಇವತ್ತಲ್ಲ, ಮೊದಲನೇ ದಿನದಿಂದ."

ಅವನು ನನ್ನನ್ನೇ ನೋಡಿದ. "ಮತ್ತೆ ಇಷ್ಟು ದಿನ ಎಂತಕ್ಕೆ ಹೇಳ್ಲಿಲ್ಲ ಮೇಡಂ?"

ಅವನು ಉತ್ತರಕ್ಕೆ ಕಾಯಲಿಲ್ಲ. ಕ್ಯಾಲೆಂಡರ್ ಕೆಳಗಿಳಿಸಿ, ದಪ್ಪ ಮಾರ್ಕರ್ ತೆಗೆದು, ಯಾವ್ಯಾವ ದಿನ ಬಂದದ್ದು ಹೇಳಿ ಎಂದ. ಇಬ್ಬರೂ ಕೂತು ನೆನಪು ಮಾಡಿದೆವು. ಮಲ್ಲಿಗೆ ಒಣಗಿದ ವಾರ, ಬಲೆ ಹರಿದ ದಿನ, ಬೆಂಡೆ ಬೀಜ ಕೊಂಡ ದಿನ. ಒಂದೊಂದಕ್ಕೂ ಗೆರೆ. ಆಮೇಲೆ ಉಳಿದವರೂ ಒಬ್ಬೊಬ್ಬರಾಗಿ ಹೋಗಿ ಹೇಳಿದರು. ಬೋಳಾಗಿದ್ದ ಕ್ಯಾಲೆಂಡರ್ ಡಿಸೆಂಬರ್ ಮುಗಿಯುವುದರೊಳಗೆ ಹಿಂದಕ್ಕೆ ಹಿಂದಕ್ಕೆ ತುಂಬಿಕೊಂಡಿತು. ಇಸ್ಮಾಯಿಲ್ ಬಾಗಿಲ ಹತ್ತಿರ ಮೊಬೈಲ್ ಕವರಿಗೆ ಒಂದು ಕಂಬಿ ನಿಲ್ಲಿಸಿದ್ದು ನಿಜ. ಆದರೆ ಗೊಬ್ಬರ ಬಿಡಲಿಲ್ಲ, ಮೇ ತಿಂಗಳನ್ನೂ ಬಿಡಲಿಲ್ಲ.

ಮೂರು ವರ್ಷ ಹೀಗೇ ನಡೆಯಿತು. ಹಿಲ್ಡಕ್ಕನಿಗೆ ನಿವೃತ್ತಿಯಾಗಿ, ಈ ಫೆಬ್ರವರಿಯಲ್ಲಿ ಊರಿಗೆ ಕಾಯಮ್ಮಾಗಿ ಮರಳುವ ಫೈನಲ್ ಎಕ್ಸಿಟ್ ವೀಸಾ ಬಂತು. ಹೋಗುವ ದಿನ ಏರ್‌ಪೋರ್ಟಿಗೆ ಬಿಡುವವಳು ನಾನೇ ಎಂದು ಹಟ ಹಿಡಿದೆ. ನನಗೆ ಕಾರು ಕಲಿಯುವ ಹುಚ್ಚು ಹಚ್ಚಿದವರೂ ಅವರೇ. ಮನೆಗೆ ಹೋಗಿ ನೋಡಿದರೆ ಎರಡು ದೊಡ್ಡ ರಟ್ಟಿನ ಪೆಟ್ಟಿಗೆಗಳು ಬಾಯಿ ತೆರೆದುಕೊಂಡು ಕೂತಿವೆ. ಗಾಬರಿಯಾಗಿ, ಹೊರಡುವ ಹೊತ್ತಾಯಿತು, ನಾನು ಸೂಪರ್ ಮಾರ್ಕೆಟಿನಿಂದ ಹಗ್ಗ ತಂದಿದ್ದೇನೆ, ಕಟ್ಟಿಬಿಡೋಣ ಎಂದೆ. ಹಿಲ್ಡಕ್ಕ ನನ್ನ ಹಗ್ಗವನ್ನು ಎರಡು ಬೆರಳಲ್ಲಿ ಎತ್ತಿ ನೋಡಿ ಬದಿಗಿಟ್ಟರು. "ನಿನಗೆ ಇಷ್ಟು ವರ್ಷ ಹೇಳಿದ್ದು ಎಂತ?" ಎಂದರು.

ಬಾಯಿ ತೆರೆದ ಪೆಟ್ಟಿಗೆಗಳನ್ನೇ ಕಾರಿಗೆ ಹೇರಿಕೊಂಡು ಇಸ್ಮಾಯಿಲನ ಅಂಗಡಿಗೆ ಹೋದೆವು. ಅವನು ಎದ್ದು ನಿಂತ. ಹಿಲ್ಡಕ್ಕ ಗಲ್ಲಾಪೆಟ್ಟಿಗೆಯ ಮುಂದೆ ಹೊಸ ಗಿರಾಕಿಯ ಹಾಗೆ ನಿಂತು, ಪೆಟ್ಟಿಗೆ ಕಟ್ಟುವ ಹಗ್ಗ ಬೇಕಿತ್ತು ಎಂದರು. ಆಮೇಲೆ ಹೇಳಿದರು:

"ಕ್ಯಾಲೆಂಡರ್ ನೋಡಿ ಬಂದದ್ದು."

"ಕ್ಯಾಲೆಂಡರ್ ಮಾಡಿದ್ದೇ ನೀವಲ್ವಾ ಸಿಸ್ಟರ್" ಎಂದ ಇಸ್ಮಾಯಿಲ್.

"ಮಾಡಿದವಳಿಗೆ ಬೇರೆ ಕಾನೂನು ಉಂಟಾ? ಗೆರೆ ಹಾಕು."

ಅವನು ಮಾರ್ಕರ್ ಹಿಡಿದು ಗೋಡೆಯ ಹತ್ತಿರ ಹೋದ. ಗಿಡ ನೆಡುವ ಕಾಲ ಅದು. ಆ ದಿನದ ಚೌಕದಲ್ಲಿ ಬೆಳಿಗ್ಗೆಯಿಂದಲೇ ನಾಲ್ಕು ಗೆರೆ ಬಿದ್ದು ಐದನೆಯದಕ್ಕೆ ಜಾಗವಿರಲಿಲ್ಲ. ಕೊಂಚ ಯೋಚಿಸಿ, ಪಕ್ಕದ ಚೌಕದಲ್ಲಿ ಎಳೆದ.

"ಅದು ನಾಳೆಯದ್ದು ಮಾರಾಯ" ಎಂದರು ಹಿಲ್ಡಕ್ಕ.

"ಇರ್ಲಿ ಸಿಸ್ಟರ್. ನಾಳೆಯೂ ಇರ್ಲಿ."

ಮೂವರೂ ಸೇರಿ ಫುಟ್‌ಪಾತಿನ ಮೇಲೆ ಪೆಟ್ಟಿಗೆ ಕಟ್ಟಿದೆವು. ಇಸ್ಮಾಯಿಲ್ ಗಂಟು ಹಾಕಿದ, ಅದೇ ಮಾರ್ಕರಿನಲ್ಲಿ ಹಿಲ್ಡಕ್ಕನ ಹೆಸರು, ಶಿರ್ವ ಎಂದು ದೊಡ್ಡದಾಗಿ ಬರೆದ. ಏರ್‌ಪೋರ್ಟಿನಲ್ಲಿ ನಾನು ಅತ್ತೆ. ಹಿಲ್ಡಕ್ಕ ಅಳಲಿಲ್ಲ. ತಮ್ಮ ಬಸಳೆ ಡಬ್ಬಗಳನ್ನೆಲ್ಲ ನನ್ನ ಬಾಲ್ಕನಿಗೆ ಸಾಗಿಸಿದ್ದರು. ಅವಕ್ಕೆ ಗೊಬ್ಬರ ಹಾಕಿ ಎರಡು ವಾರವಾಯಿತು, ಮರೆಯಬೇಡ ಎಂದಷ್ಟೇ ಹೇಳಿ ಒಳಗೆ ಹೋದರು.

ಮರುದಿನ ಬೆಳಿಗ್ಗೆ, ಅಂಗಡಿ ತೆರೆಯುವ ಹೊತ್ತಿಗೆ ಗೊಬ್ಬರಕ್ಕೆ ಹೋದೆ. ಒಳಗೆ ಇಬ್ಬರು ಅಪರಿಚಿತರಿದ್ದರು. ಅವರ ಎದುರಿಗೇ, ಯಾವ ಸಂಕೋಚವೂ ಇಲ್ಲದೆ ಜೋರಾಗಿ ಹೇಳಿದೆ, ಕ್ಯಾಲೆಂಡರ್ ನೋಡಿ ಬಂದದ್ದು ಎಂದು. ಇಸ್ಮಾಯಿಲ್ ಗೆರೆ ಎಳೆಯಲು ತಿರುಗಿದ. ದಿನದ ಮೊದಲ ಗೆರೆ ನನ್ನದೇ ಎಂದುಕೊಂಡಿದ್ದೆ. ಆ ಚೌಕದಲ್ಲಿ ಹಿಲ್ಡಕ್ಕ ನನಗಿಂತ ಮೊದಲೇ ಬಂದು ಹೋಗಿದ್ದರು.