ತಮ್ಮನ ಹಳೆಯ ಟೈರು

ಬಳಗದವರೇ, ಇವತ್ತು ಹಳೇ ಹುಬ್ಬಳ್ಳಿಯ ಸೈಕಲ್ ಅಂಗಡಿಯಲ್ಲಿ ನನಗೂ ಗಂಗವ್ವನಿಗೂ ಸ್ವಲ್ಪ ಮಾತಾಯಿತು. ಗಂಗವ್ವ ಅಂದರೆ ತೀರಿಕೊಂಡ ನನ್ನ ತಮ್ಮನ ಹೆಂಡತಿ. ಅವನ ಸೈಕಲ್ ಹತ್ತಿಯೇ ದಿನಾ ಸುಳ್ಳದಿಂದ ಅಮರಗೋಳದ ಮಾರುಕಟ್ಟೆಗೆ ಕಾಳು ಹಸನು ಮಾಡಲು ಹೋಗುತ್ತಾಳೆ. ದಾರಿಯ ಜಾಲಿಮುಳ್ಳಿಗೆ ಈ ವಾರ ಮತ್ತೆ ಮತ್ತೆ ಪಂಕ್ಚರ್. ತಡವಾದರೆ ಅವಳ ಜಾಗದಲ್ಲಿ ಬೇರೆಯವರು ಕೂತಿರುತ್ತಾರೆ, ಆ ದಿನದ ಕೆಲಸ ಹೋದಂತೆಯೇ.

ಇದ್ದುದರಲ್ಲೇ ದಪ್ಪನೆಯ ಟೈರು ಆರಿಸಿದೆವು. ಅಂಗಡಿಯವ, “ಜಾಲಿಮುಳ್ಳಿಗೆ ಇದೊಂದ ಸಾಲೂದಿಲ್ರಿ ಕಾಕಾ. ಹಳೇ ಟೈರ್ ಕೊಯ್ದು ಒಳಗ ಪಟ್ಟಿ ಹಾಕ್ತೇನಿ, ಟ್ಯೂಬಿಗೆ ಮುಳ್ಳು ಮುಟ್ಟೂದಿಲ್ಲ” ಎಂದು ಚಾಕು ಎತ್ತಿಕೊಂಡ.

ಸಾಯುವ ಮುಂಚೆ ತಮ್ಮ ತಾನೇ ನಿಂತು ಹಾಕಿಸಿದ ಟೈರದು. ನನಗೆ ತಡೆಯಲಾಗಲಿಲ್ಲ. “ಅದನ್ನ ಕೊಯ್ಯಬ್ಯಾಡಪಾ, ಮನ್ಯಾಗ ಇಟ್ಕೋತೇವಿ” ಎಂದೆ.

“ಇಟ್ಟು ಏನ್ ಪೂಜಾ ಮಾಡೋದೈತ್ರಿ ಭಾವಾರ?” ಎಂದಳು ಗಂಗವ್ವ.

“ಅವನ ನೆನಪವ್ವಾ.”

“ನೆನಪು ನನಗೂ ಐತ್ರಿ. ನಾಳೆ ಮುಂಜಾನಿ ಕೆಲಸಕ್ಕ ಮುಟ್ಟೋದೂ ಐತ್ರಿ.” ಆಮೇಲೆ ಅಂಗಡಿಯವನ ಕಡೆ ತಿರುಗಿ, “ಕೊಯ್ರಿ ಅಣ್ಣಾರ. ಜೀವಂತ ಇದ್ದಾಗ ನನ್ನ ಸಲುವಾಗಿ ಒಂದು ಮುಳ್ಳೂ ತುಳದವರಲ್ಲ. ಈಗರೆ ತುಳೀಲಿ” ಎಂದಳು.

ಅಂಗಡಿಯವ ನನ್ನ ಮುಖ ನೋಡಿದ. ನಾನೇ, ಕೊಯ್ಯಲು ಅನುಕೂಲವಾಗಲೆಂದು ಟೈರಿನ ಇನ್ನೊಂದು ಬದಿಯನ್ನು ಬಿಗಿಯಾಗಿ ಹಿಡಿದುಕೊಂಡೆ.