ಬೆರಳ ಗೆಣ್ಣಿಗೆ ಸಣ್ಣವಾದ ಚಿತ್ರಗಳು

ಈವತ್ತು ನೀರು ತುಂಬಿದೆ, ರೊಟ್ಟಿ ಬಡಿದೆ, ಮನೆಯವರ ಬುತ್ತಿ ಕಟ್ಟಿದೆ, ಫೋನು ಚಾರ್ಜಿಗಿಟ್ಟೆ, ಮಾನ್ವಿಯಿಂದ ದೇವದುರ್ಗದ ಬಸ್ಸು ಹಿಡಿದೆ. ಒಂದು ಕೆಲಸದ ಮೇಲೂ ಮನಸ್ಸು ನಿಂತಿರಲಿಲ್ಲ. ಒಗ್ಗರಣೆ ಸೀದದ್ದು ಮೂಗಿಗೆ ಬಡಿದ ಮೇಲೇ ತಿಳಿದದ್ದು.

ನಾಳೆ ರಾಯಚೂರಿನ ಕಾಲೇಜಿನಲ್ಲಿ ನನ್ನ ಕೊನೆಯ ಜ್ಯೂರಿ, ಅಂದರೆ ಪರೀಕ್ಷಕರ ಮುಂದೆ ಕೆಲಸ ತೋರಿಸುವ ಪರೀಕ್ಷೆ. ಶಾಲೆಯಲ್ಲಿ ಚಿತ್ರಕಲೆ ಕಲಿಸುವ ನಾನು ಈ ವಯಸ್ಸಿನಲ್ಲಿ ರಜೆ ಹಾಕಿ ಗ್ರಾಫಿಕ್ ಮತ್ತು ಇಂಟರಾಕ್ಟಿವ್ ಡಿಸೈನ್‌ನ ಸ್ನಾತಕೋತ್ತರ ಓದಿಗೆ ಸೇರಿದವಳು. ರಜೆ ಮುಗಿಯುತ್ತ ಬಂದಿದೆ. ನಾಳೆ ಪಾಸಾಗದಿದ್ದರೆ ಪದವಿಯಿಲ್ಲದೆಯೇ ಶಾಲೆಗೆ ಮರಳಬೇಕು. ನಾನು ಮಾಡಿದ್ದು ಓದು ಬಾರದವರಿಗೆ ಬಸ್ಸು ಹೇಳುವ ಆ್ಯಪು. ಊರಿನ ಚಿತ್ರ ಒತ್ತಿದರೆ ಅಲ್ಲಿಗೆ ಬಸ್ಸು ಎಷ್ಟು ಹೊತ್ತಿಗೆ ಅಂತ ಫೋನು ಮಾತಾಡುತ್ತದೆ. ರಾಯಚೂರಿಗೆ ರೈಲು, ಶಕ್ತಿನಗರಕ್ಕೆ ಹೊಗೆ ಕೊಳವೆ, ಕಲ್ಲೂರಿಗೆ ತೆನೆ. ಕಾಲೇಜಿನ ಹುಡುಗಿಯರು ಒತ್ತಿ ನೋಡಿ ಚಲೋ ಅದ ಅಂದಿದ್ದರು. ಆದರೂ ಓದು ಬಾರದ ನನ್ನ ಅಕ್ಕನ ಕೈಗೆ ಒಮ್ಮೆ ಕೊಡದೆ ಸಮಾಧಾನವಿರಲಿಲ್ಲ.

ದೇವದುರ್ಗದಲ್ಲಿ ಅಕ್ಕ ಅಂಗಳದಲ್ಲಿ ಕೂತು ಒಣಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದಳು. ಫೋನು ಮುಂದೆ ಹಿಡಿದೆ. ತೋರುಬೆರಳು ಮಡಚಿ ಗೆಣ್ಣಿನಿಂದ ರೈಲನ್ನು ಒತ್ತಿದಳು. ಗೆಣ್ಣು ಪಕ್ಕದ ಹೊಗೆ ಕೊಳವೆಗೂ ತಾಗಿ ಫೋನು ಶಕ್ತಿನಗರ ಅಂತು.

“ಯವ್ವಾ, ನಾ ರಾಯಚೂರಿಗೆ ಹೊಂಟ್ರ ನಿನ್ನ ಫೋನು ಮುಂದಕ್ಕ ಒಯ್ದು ಒಗಿತದಲ್ಲ!”

“ಬೆರಳ ತುದೀಲೆ ಒತ್ತಕ್ಕಾ.”

“ಖಾರದ ಬೆರಳು ಹಚ್ಚಿ, ಆಮ್ಯಾಲ ಅದನ್ನ ಕಿವಿಗೆ ಇಟ್ಕೊಂಡ್ರ ಮಾರಿ ಉರಿಯಂಗಿಲ್ಲೇನು? ಕೈ ತೊಳ್ಕೊಂಡು ಬರೋತನಕ ಬಸ್ ನಿಂದರ್ತದೇನಬೇ?”

ನಮ್ಮ ಹೆಂಗಸರು ಮೆಣಸಿನಕಾಯಿ ಕಾಲದಲ್ಲಿ ಎಲ್ಲವನ್ನೂ ಗೆಣ್ಣಿನಿಂದಲೇ ಮುಟ್ಟುವವರು, ಲೈಟಿನ ಸ್ವಿಚ್ಚು, ಮಕ್ಕಳ ಗಲ್ಲ ಕೂಡ. ನಾನೋ ಒಂದೇ ಪರದೆಗೆ ಒಂಬತ್ತು ಚಿತ್ರ ತುಂಬಿ ಕೂತಿದ್ದೆ.

ಚಿತ್ರ ಕಡಿಮೆ ಮಾಡಲೇ ಅಂತ ಕೇಳಲು ವಾಪಸು ಬಸ್ಸಿನಿಂದಲೇ ಕಾಲೇಜಿನ ನಮ್ಮ ಗೈಡಿಗೆ ಫೋನು ಮಾಡಿದೆ. ವಯಸ್ಸಿನಲ್ಲಿ ನನಗಿಂತ ಸಣ್ಣವರು, ನನ್ನನ್ನೇ ಮೇಡಂ ಅನ್ನುತ್ತಾರೆ.

“ಮೇಡಂ, ಆ್ಯಪಿನ ಚಿತ್ರದ ಬೋರ್ಡ್ ಎಲ್ಲಾ ಪ್ರಿಂಟ್ ಆಗ್ಯಾವ. ಈಗ ಕೈ ಹಚ್ಚಬ್ಯಾಡ್ರಿ. ಜ್ಯೂರಿ ಮುಂದ ಆ್ಯಪ್ ನಿಂತ್ರ ನಾ ಏನೂ ಮಾಡಾಕ ಬರಂಗಿಲ್ಲ.”

ಹ್ಞೂಂ ಅಂದೆ. ಮನೆ ಮುಟ್ಟಿ ಚಪ್ಪಲಿ ಬಿಟ್ಟವಳೇ ಲ್ಯಾಪ್‌ಟಾಪ್ ತೆಗೆದೆ. ಪರದೆಗೆ ನಾಲ್ಕೇ ಚಿತ್ರ, ನಡುವೆ ಅಗಲವಾದ ಜಾಗ. ಕೆಲಸದಿಂದ ಬಂದ ಮನೆಯವರನ್ನು ಕೂರಿಸಿ ಗೆಣ್ಣಿನಿಂದ ಒತ್ತಿಸಿದೆ.

“ಚಾ ಕೊಡೂದ ಬಿಟ್ಟು ಇದೇನ್ ಶಿಕ್ಷಾ?” ಅಂದರು. ಆದರೆ ರೈಲು ಒತ್ತಿದರೆ ರಾಯಚೂರೇ ಬಂತು. ಹೊಗೆ ಕೊಳವೆಗೆ ಶಕ್ತಿನಗರ. ಕಲ್ಲೂರಿನ ತೆನೆ ಮಾತ್ರ ಒಮ್ಮೆ ಮಾತಾಡಿತು, ಒಮ್ಮೆ ಸುಮ್ಮನಾಯಿತು.

ಆ್ಯಪು ಕಾಲೇಜಿಗೆ ಕಳಿಸಲು ಸಂಜೆ ಏಳರವರೆಗಷ್ಟೇ ಸಮಯ. ಹಳೆಯದು ಗಟ್ಟಿಯಾಗಿ ಓಡುತ್ತದೆ, ಅಕ್ಕನಿಗೆ ಓಡುವುದಿಲ್ಲ. ಹೊಸದನ್ನೇ ಕಳಿಸಿಬಿಟ್ಟೆ. ಬೋರ್ಡಿಗೂ ಫೋನಿಗೂ ಯಾಕೆ ತಾಳೆಯಿಲ್ಲ ಅಂತ ನಾಳೆ ನಾನೇ ಹೇಳಬೇಕು. ಹೊಸದು ಕಳಿಸಿದೆ ಅಂದದ್ದಕ್ಕೆ ಗೈಡ್ ಕಡೆಯಿಂದ ಬಂದ ಉತ್ತರ, “ನೋಡೂಣ್ರಿ.”

ರಾತ್ರಿ ಜ್ವಾಳದ ರೊಟ್ಟಿ, ಪುಂಡಿಪಲ್ಲೆ, ಉಳ್ಳಾಗಡ್ಡಿ. ಊಟ ಮುಗಿಸಿ ನಾನು ಕಲ್ಲೂರಿನ ತೆನೆಯನ್ನು ಗೆಣ್ಣಿನಿಂದ ಒತ್ತುತ್ತ ಕೂತೆ. ಮೊದಲು ನಿದ್ದೆ ಹೋದವರು ಮನೆಯವರು.